ಪರೀಕ್ಷೆಯ ಗುಂಡಿಗೆ ಕರಿ ಹುಂಜ

ಬೊದೋನ್ಯಿ ಮನೆತನದ ಎತೆಲ್ಕಾ ಮೂವತ್ತು ವರ್ಷದಲ್ಲಿ ಎರಡೇ ಸಲ ಊರಿಗೆ ಬಂದಿದ್ದಳು. ಅಪ್ಪನ ಮಣ್ಣಿಗೆ ಒಮ್ಮೆ, ಅಮ್ಮನ ಮಣ್ಣಿಗೆ ಒಮ್ಮೆ. ಎರಡು ಸಲವೂ ಗೋರಿಯ ಮೇಲಿನ ಹೂವು ಬಾಡುವ ಮೊದಲೇ ಬಸ್ಸು ಹತ್ತಿದಳು. ಮೂರನೆಯ ಸಲ ಬಂದಾಗ ಅವಳನ್ನು ಎರಡು ಸರ್ಕಾರಗಳು ಸೇರಿ ಕಳುಹಿಸಿದ್ದವು. ಅಧಿಕಾರಿಗಳು ಪಟ್ಟಣದ ಹೋಟೆಲಿನಲ್ಲಿ ಇಳಿದರು. ಇವಳು ಒಂದು ಕಂದು ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಪಿರಿ ನೇನಿ, ಹಿಂದಿನ ಕೋಣೆ ಖಾಲಿ ಇದ್ಯಾ?" ವಯಸ್ಸಾದ ಹೆಂಗಸನ್ನು ನಮ್ಮ ಕಡೆ ನೇನಿ ಎಂದೇ ಕರೆಯುವುದು.

"ಖಾಲಿ ಅಲ್ಲದೆ ಈ ಮನೇಲಿ ಇನ್ನೇನಿದೆ? ಕಾಲೊರೆಸ್ಕೊಂಡು ಬಾ."

ತೆಳ್ಳಗಿದ್ದಳು, ಕೂದಲು ನರೆತಿತ್ತು. ಶಾಜೀರಿಗೆ ಸಾರಿಗೆ ಒಣ ರೊಟ್ಟಿ ಮುರಿದು ಹಾಕಿಕೊಂಡು ತಿಂದಳು. ಮುರಿಯುವ ರೀತಿ ಥೇಟ್ ಅವಳ ಅಪ್ಪ ಮಿಹಾಯ್‌ನದೇ. ಮೊದಲು ಸುತ್ತಲಿನ ಗಟ್ಟಿ ಅಂಚು, ಕೊನೆಗೆ ಮೆತ್ತನೆಯ ಒಡಲು. ನಾನು ನೋಡಿಯೂ ನೋಡದ ಹಾಗೆ ಪಾತ್ರೆ ತೊಳೆದೆ.

ಕುಲುಮೆಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಇಪೊಯ್ ನದಿಯ ಈ ದಂಡೆಯಲ್ಲಿ ಹಿಂದೆ ಸರ್ಕಾರದ ಬ್ಯಾಟರಿ ಕಾರ್ಖಾನೆ ಇತ್ತು. ಆಚೆ ದಂಡೆ ಬೇರೆ ದೇಶ, ಮಾತು ಮಾತ್ರ ಎರಡು ಕಡೆಯೂ ನಮ್ಮದೇ. ಹಳೆಯ ಆಡಳಿತ ಬಿದ್ದ ಮೇಲೆ ಆ ಕಾರ್ಖಾನೆಯನ್ನು ಬಕ್ಷ ಮನೆತನದ ದೆಝೋ ಎಂಬ ನಮ್ಮೂರಿನವನೇ ಕೊಂಡ. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸಲು ಹೊಸ ಕುಲುಮೆ ಕಟ್ಟಿಸಿದ. ಮಿಹಾಯ್ ಅಲ್ಲಿ ಮೇಸ್ತ್ರಿ. ನನ್ನ ಗಂಡ ಗೆರ್ಗೇಯ್ ಕುಲುಮೆಯ ಬಾಯಲ್ಲಿ ಸಲಾಕೆ ಹಿಡಿಯುವವನು. ಚಿಮಣಿಯೊಳಗೆ ಹೊಗೆ ಸೋಸುವ ಚೀಲಗಳನ್ನು ಕಟ್ಟಬೇಕಿತ್ತು, ಅವು ಇನ್ನೂ ಬಂದಿರಲಿಲ್ಲ.

"ಚೀಲ ಬರೋವರೆಗೂ ಬೆಂಕಿ ಹಚ್ಚೋದು ಬೇಡ ಯಜಮಾನ್ರೇ," ಎಂದ ಮಿಹಾಯ್.

ದೆಝೋಗೆ ಕಾಯುವುದು ಹುಟ್ಟಿನಿಂದಲೇ ಗೊತ್ತಿಲ್ಲ. "ಕುಲುಮೆ ನಂದು, ಬೆಂಕಿ ನಂದು. ಯಾವಾಗ ಹಚ್ಚಬೇಕು ಅಂತ ಬೊದೋನ್ಯಿ ಕೈಲಿ ಹೇಳಿಸ್ಕೊಳ್ಳೋ ಗತಿ ನಂಗೆ ಬಂದಿಲ್ಲ," ಎಂದು ತಾನೇ ಹಚ್ಚಿದ.

ಸೀಸದ ಹೊಗೆಗೆ ದಂಡೆಯ ಹುಲ್ಲು ಬೂದಿಬಣ್ಣಕ್ಕೆ ತಿರುಗಿತು. ಬಾತುಗಳು ಕತ್ತು ತಿರುಚಿಕೊಂಡು ಸತ್ತವು. ಗೆರ್ಗೇಯ್‌ನ ಒಸಡಿನಲ್ಲಿ ನೀಲಿ ಗೆರೆ ಮೂಡಿತು, ಆಮೇಲೆ ಚಮಚ ಹಿಡಿಯಲೂ ಬಾರದ ಹಾಗೆ ಕೈ ನಡುಗತೊಡಗಿತು. ವಿಚಾರಣೆಗೆ ಬಂದವರ ಮುಂದೆ ದೆಝೋ ಮುಖ ಸಣ್ಣದು ಮಾಡಿಕೊಂಡು, ಮೇಸ್ತ್ರಿ ನನ್ನನ್ನು ಕೇಳದೆ ಹಚ್ಚಿಬಿಟ್ಟ ಎಂದ. ಅಲ್ಲಿ ನಿಂತಿದ್ದ ಗಂಡಸರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಗೆರ್ಗೇಯ್ ಆಗ ಆಸ್ಪತ್ರೆಯಲ್ಲಿ ನಾಲಿಗೆ ಹೊರಳದೆ ಮಲಗಿದ್ದ. ಮೇಸ್ತ್ರಿಯದೇ ತಪ್ಪು ಎಂದಾಯಿತು. ಬಾತು ಕಳೆದುಕೊಂಡವರು ಮಿಹಾಯ್ ಮನೆಯ ಗೇಟಿನ ಮುಂದೆ ಉಗಿದು ಹೋಗುತ್ತಿದ್ದರು. ಎತೆಲ್ಕಾಗೆ ಆಗ ಹದಿನಾರು. ಬಕೆಟ್ಟಿನಲ್ಲಿ ನೀರು ತಂದು ಆ ಉಗುಳನ್ನು ತೊಳೆಯುವುದು ಅವಳ ಬೆಳಗಿನ ಕೆಲಸವಾಗಿತ್ತು. ಕೆಲವು ಚಳಿಗಾಲ ಕಳೆದು ಗೆರ್ಗೇಯ್ ಹೋದ, ಅವನ ಹಿಂದೆಯೇ ಮಿಹಾಯ್ ಹೋದ.

ದೆಝೋ ಸೀಸದ ದುಡ್ಡಿನಲ್ಲಿ ಚರ್ಚಿಗೆ ಗಂಟೆ ಕೊಡಿಸಿದ. ಅಂದಿನಿಂದ ನಾನು ದಿನಾ ಅದೇ ಗಂಟೆಯ ಸದ್ದಿಗೆ ಏಳುತ್ತಿದ್ದೇನೆ. ಅವನು ಸಾಯಲಿ ಎಂದು ಒಂದು ದಿನವೂ ಬೇಡಿಕೊಂಡವಳಲ್ಲ. ಸತ್ತರೆ ಬ್ಯಾಂಡು ಬಾರಿಸಿ ಹೂಳುತ್ತಾರೆ. ಅವನು ಬದುಕಿರುವಾಗಲೇ ಊರು ಅವನನ್ನು ನೋಡಿ ನಗಬೇಕು, ಆ ನಗು ಅವನ ಕಿವಿಗೆ ಬೀಳಬೇಕು. ನನಗೆ ಬೇಕಿದ್ದುದು ಅಷ್ಟೇ.

ಎತೆಲ್ಕಾ ಅಷ್ಟು ವರ್ಷ ಎಲ್ಲಿದ್ದಳೆಂದರೆ, ಕಾನೂನು ಓದಿ, ದೊಡ್ಡ ದೊಡ್ಡ ಊರುಗಳಲ್ಲಿ ಸರ್ಕಾರಗಳಿಗೆ ಸಲಹೆ ಕೊಡುವ ಕೆಲಸಕ್ಕೆ ಸೇರಿದ್ದಳು. ಎಂಥ ಸಲಹೆ ಎಂದು ಆಲೂಗಡ್ಡೆ ಸುಲಿಯುತ್ತಾ ಕೇಳಿದೆ.

"ಎರಡು ಮನೆಯೋರು ಸೇರಿ ಒಂದೇ ಒಲೆ ಹಾಕ್ತೀವಿ ಅಂತಾರೆ ನೇನಿ. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಇಲ್ಲ. ಕಟ್ಟಿಗೆ ಯಾರದು, ಪಾತ್ರೆ ಯಾರದು, ಹೊಗೆ ಯಾರ ಕಡೆ ಹೋಗುತ್ತೆ ಅಂತ ಇಬ್ಬರನ್ನೂ ಕೂರಿಸಿ ಮಾತಾಡಿಸೋದು ನಾನು."

"ಅಂದ್ರೆ ಬೀಗರ ನಡುವೆ ಓಡಾಡೋ ಕೆಲಸ."

"ಹೂಂ. ಮದುವೆ ಮಾಡಿಸ್ತೀನಿ, ಊಟಕ್ಕೆ ಮಾತ್ರ ಯಾರೂ ಕರೆಯಲ್ಲ."

ಈ ಸಲದ ಮದುವೆ ಮತ್ತೆ ಬ್ಯಾಟರಿಯದೇ. ಈಗಿನ ಕಾರುಗಳ ದೊಡ್ಡ ಬ್ಯಾಟರಿಗಳು ಹಳತಾದಾಗ ಅವನ್ನು ನಮ್ಮ ದಂಡೆಯಲ್ಲಿ ಒಡೆಯುವುದು, ಒಳಗಿನ ಲೋಹದ ಪುಡಿಯನ್ನು ಸೇತುವೆ ದಾಟಿಸಿ ಆಚೆ ದಂಡೆಯಲ್ಲಿ ಹೊಸ ಬ್ಯಾಟರಿಗೆ ಬಳಸುವುದು. ಎರಡು ಸರ್ಕಾರಗಳೂ ತಂತಮ್ಮ ಕಡೆಯ ಕಾರ್ಖಾನೆಗೆ ಹಣ ಕೊಡಬೇಕು, ಅದಕ್ಕೆ ಬ್ರಸೆಲ್ಸ್‌ನಲ್ಲಿರುವ ಯುರೋಪ್ ಒಕ್ಕೂಟದವರು ಒಪ್ಪಬೇಕು. ನಮ್ಮ ಕಡೆ ಜಾಗ ಇದ್ದುದು ದೆಝೋನ ಬಳಿ. ಅದು ಅದೇ ಹಳೆಯ ಅಂಗಳ.

"ಗೊತ್ತಿದ್ದೂ ಒಪ್ಕೊಂಡ್ಯಾ?" ಎಂದೆ.

"ಗೊತ್ತಾದ ಮೇಲೇ ಒಪ್ಕೊಂಡೆ," ಎಂದಳು.

ಮಾತುಕತೆ ನಡೆದದ್ದು ಊರಿನ ಸಭಾಭವನದಲ್ಲಿ. ಅಡುಗೆಗೆ ನಾವು ಐದಾರು ಹೆಂಗಸರು. ಗಸಗಸೆ ಶಾವಿಗೆ ಬಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದೇನೆ. ಮೊದಲ ದಿನ ಎರಡು ಕಡೆಯವರೂ ಮೇಜು ಕುಟ್ಟಿದರು. ನಮ್ಮ ಸಚಿವಾಲಯದಿಂದ ಬಂದ ಹ್ರೋನೆತ್ಸ್ ಎಂಬ ದಪ್ಪ ಮನುಷ್ಯ, "ಒಡೆಯೋ ಗಬ್ಬುನಾತ ನಮಗೆ, ಥಳಥಳ ಹೊಳೆಯೋ ಮಾಲು ನಿಮಗಾ?" ಎಂದು ಕೂಗಿದ. ಆಚೆಯ ಅಧಿಕಾರಿಣಿ, "ಒಡೆದಿದ್ದನ್ನ ಕೊಳ್ಳೋರು ಯಾರಿದಾರೆ ನಾವಲ್ದೆ? ನೀವೇ ತಿಂತೀರಾ?" ಎಂದಳು.

ಎತೆಲ್ಕಾ ದನಿ ಏರಿಸಲಿಲ್ಲ. ಎಲ್ಲರನ್ನೂ ಎಬ್ಬಿಸಿ ಕುರ್ಚಿ ಬದಲಾಯಿಸಿದಳು. ಈ ಕಡೆಯವರು ಆ ಕಡೆ ಕೂತು ಆ ಸರ್ಕಾರದ ಪರವಾಗಿ ಮಾತಾಡಬೇಕು, ಅವರು ಇವರ ಪರವಾಗಿ. ಊಟದ ಹೊತ್ತಿಗೆ ಹ್ರೋನೆತ್ಸ್ ಆಚೆ ದೇಶದ ಪರ ವಾದಿಸಿ ಬೆವರಿದ್ದ, ಆ ಹೆಂಗಸು ನಮ್ಮ ನಾತದ ಪರ ವಾದಿಸಿ ನಗುತ್ತಿದ್ದಳು. ಅವಳ ಕೆಲಸದ ರೀತಿಯೇ ಹಾಗೆ. ಇನ್ನೊಂದು ಹಟವನ್ನೂ ಹಿಡಿದಳು. ಒಡೆಯುವ ಕೆಲಸ ದೆಝೋ ಒಬ್ಬನಿಗೇ ಬೇಡ, ನದಿಯ ಕೆಳಗಿನ ಊರಿನ ಸಹಕಾರ ಸಂಘವೂ ಒಂದು ಪಾಲು ಹಿಡಿಯಲಿ, ಒಬ್ಬರು ಕೈಬಿಟ್ಟರೆ ಯೋಜನೆ ನಿಲ್ಲಬಾರದು ಎಂದಳು.

ದೆಝೋ ಹೊಟ್ಟೆ ಕುಲುಕಿಸಿ ನಕ್ಕ. "ಆ ಕುಂಬಳಕಾಯಿ ಬೆಳೆಯೋರಾ? ಇರ್ಲಿ ಬಿಡಿ, ನನ್ನ ಅಂಗಳ ಗುಡಿಸೋಕೆ ಯಾರಾದ್ರೂ ಬೇಕಲ್ಲ."

ಅವಳು ತಲೆಯಾಡಿಸಿ ಬರೆದುಕೊಂಡಳು.

ಆಮೇಲೆ ಎದ್ದು ನಿಂತಳು. ಅಧಿಕಾರಿಗಳು, ಪಾದ್ರಿ, ಪಿಂಗಾಣಿ ಬಟ್ಟಲು ಹಿಡಿದ ನಾವು, ಎಲ್ಲರ ಮುಂದೆಯೂ ದೆಝೋನ ಕಡೆ ತಿರುಗಿ ಹೇಳಿದಳು: "ಬಕ್ಷ ಅವರೇ, ನಿಮ್ಮ ಅರ್ಜಿ ಸರ್ಕಾರಕ್ಕೆ ಸೇರೋ ಮೊದಲು ಕೆಲಸ ಶುರು ಮಾಡೋ ಹಾಗಿಲ್ಲ. ಸಹಾಯ ಇಲ್ಲದಿದ್ರೆ ಈ ಕೆಲಸ ಆಗ್ತಿರಲಿಲ್ಲ ಅನ್ನೋರಿಗೆ ಮಾತ್ರ ಸಹಾಯ. ಮೊದಲೇ ಶುರು ಮಾಡಿದ್ರೆ, ಸಹಾಯ ಇಲ್ಲದೆಯೂ ಮಾಡ್ತಿದ್ರಿ ಅಂತಾಯ್ತು. ಜಾಗ ಕೊಳ್ಳಿ, ಮಣ್ಣು ಪರೀಕ್ಷೆ ಮಾಡಿಸಿ, ಅಡ್ಡಿಯಿಲ್ಲ. ಅಡಿಪಾಯ ಹಾಕ್ಬೇಡಿ. ನಾನು ಹೇಳೋವರೆಗೂ ಕಾಯಿರಿ."

ಅವಳು ನಿಂತ ಭಂಗಿ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡದ್ದು, ಕೊನೆಯ ಮಾತಿನಲ್ಲಿ ಗದ್ದ ಸ್ವಲ್ಪ ಎತ್ತಿದ್ದು. ಮಿಹಾಯ್ ಎದ್ದು ಬಂದ ಹಾಗಿತ್ತು. ದೆಝೋನ ಕಿವಿ ಕೆಂಪಾಯಿತು.

"ನೋಡಿದ್ರಾ," ಎಂದ ಪಾದ್ರಿಯ ಕಡೆಗೆ. "ಆವತ್ತು ಅಪ್ಪ, ಇವತ್ತು ಮಗಳು. ಬೊದೋನ್ಯಿಗಳು ಹೇಳದೆ ಈ ಊರಲ್ಲಿ ಕೋಳಿನೂ ಕೂಗೋ ಹಾಗಿಲ್ಲ."

ಆಮೇಲೆ ಒಂದು ವಾರವೂ ಆಗಿರಲಿಲ್ಲ, ಅವನೇ ನಮ್ಮ ಮನೆಗೆ ಬಂದ. ಎತೆಲ್ಕಾ ಆಚೆ ದಂಡೆಗೆ ಹೋಗಿದ್ದಳು.

"ಪಿರಿ ನೇನಿ, ನಿನ್ನ ಕರಿ ಹುಂಜ ಇನ್ನೂ ಇದ್ಯಾ?"

ಹುಂಜ ಏಕೆಂದು ಕೇಳುವ ಅಗತ್ಯವಿರಲಿಲ್ಲ. ನಮ್ಮ ದಂಡೆಗಳಲ್ಲಿ ಕಟ್ಟಡ ನಿಲ್ಲಬೇಕಾದರೆ ಅಡಿಪಾಯದ ಮೂಲೆಯಲ್ಲಿ ಕರಿ ಹುಂಜವನ್ನು ಹೂಳಬೇಕು. ಅದು ವಿಧವೆಯ ಮನೆಯದಾಗಿರಬೇಕು, ಅವಳೇ ತನ್ನ ಕೈಯಾರೆ ಕೊಡಬೇಕು. ಕೇಳದೆ ಒಯ್ದರೆ ಗೋಡೆ ಬಿರಿಯುತ್ತದೆ. ಕಾರು ಕೊಳ್ಳುವವರೂ ಬ್ಯಾಂಕಿನಲ್ಲಿ ಕೆಲಸ ಮಾಡುವವರೂ ಇದನ್ನು ಬಿಟ್ಟಿಲ್ಲ.

"ಇದೆ. ಯಾವತ್ತಿಗೆ?" ಎಂದೆ.

"ಜಾರ್ಜ್ ಸಂತರ ಹಬ್ಬಕ್ಕೆ. ಶನಿವಾರ ಬಿದ್ದಿದೆ, ಒಳ್ಳೇ ದಿನ. ಸಚಿವಾಲಯದಲ್ಲಿ ನಮ್ಮವರಿದಾರೆ, ಎಲ್ಲಾ ಆಗುತ್ತೆ. ಆ ಹುಡುಗಿ ಹೇಳಿದ್ಲು ಅಂತ ಹಬ್ಬ ಕಳ್ಕೊಳ್ಳೋಕಾಗುತ್ತಾ?" ಎಂದು ಕಣ್ಣು ಹೊಡೆದ. "ಗೆರ್ಗೇಯ್ ಇದ್ದಿದ್ರೆ ಅವನೇ ತಂದುಕೊಡ್ತಿದ್ದ."

ನನ್ನ ಗಂಡನ ಹೆಸರು ಅವನ ಬಾಯಲ್ಲಿ ಬಂದಾಗ ನಾನು ಏಪ್ರನ್ನಿನಲ್ಲಿ ಕೈ ಒರೆಸಿಕೊಂಡೆ. ಒದ್ದೆ ಇರಲಿಲ್ಲ, ಆದರೂ ಒರೆಸಿದೆ. "ತಂದ್ಕೊಡ್ತೀನಿ ದೆಝೋ," ಎಂದೆ. "ನನ್ನ ಕೈಯಾರೆ ಕೊಡ್ತೀನಿ."

ಸಂಜೆ ಎತೆಲ್ಕಾ ಬಂದು ಅಂಗಳದಲ್ಲಿ ಹುಂಜದ ಕಾಲಿಗೆ ನಾನು ಕೆಂಪು ದಾರ ಕಟ್ಟುತ್ತಿದ್ದುದನ್ನು ನೋಡಿದಳು. ಅವಳೂ ಈ ಊರಿನಲ್ಲೇ ಹುಟ್ಟಿದವಳು. ಹುಂಜ ಎಲ್ಲಿಗೆಂದು ಅವಳಿಗೂ ಗೊತ್ತು. ಬಾವಿಕಟ್ಟೆಯ ಮೇಲೆ ಕೂತು ಬೂಟು ಬಿಚ್ಚಿದಳು.

"ದಾರ ಬಿಗಿ ಆಯ್ತು ನೇನಿ, ಪಾಪ," ಎಂದಳು.

ಶನಿವಾರ ಬ್ಯಾಂಡು ಬಂತು. ಪ್ಲಮ್ ಹಣ್ಣಿನ ಸಾರಾಯಿ ಹರಿಯಿತು. ಕಾಂಕ್ರೀಟಿನ ಲಾರಿಗಳು ಸಾಲಾಗಿ ನಿಂತವು. ದೆಝೋ ಕೆತ್ತಿಸಿದ ಕಲ್ಲಿನ ಮೇಲೆ ಅವನ ಹೆಸರು, ಅವನ ಅಪ್ಪನ ಹೆಸರು ಎರಡೂ ಇದ್ದವು. ನಾನು ಹುಂಜವನ್ನು ಅವನ ಕೈಗಿಟ್ಟೆ. ಅವನು ಕುತ್ತಿಗೆ ಕೊಯ್ದು ಮೂಲೆಯಲ್ಲಿ ಇಟ್ಟ. ಲಾರಿ ಗುಡುಗಿತು, ಬೂದುಬಣ್ಣದ ಕಾಂಕ್ರೀಟು ಕೆಂಪು ದಾರದ ಮೇಲೆ ಸುರಿಯಿತು. ಇಡೀ ಊರು ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ನನ್ನಷ್ಟು ಜೋರಾಗಿ ತಟ್ಟಿದವರು ಅಲ್ಲಿ ಯಾರೂ ಇರಲಿಲ್ಲ.

ಎತೆಲ್ಕಾ ಬರಲಿಲ್ಲ. ಅವಳು ಆ ದಿನ ಸ್ಮಶಾನದಲ್ಲಿ ಅಪ್ಪನ ಗೋರಿಯ ಕಳೆ ಕೀಳುತ್ತಿದ್ದಳು. ಬ್ಯಾಂಡಿನ ಸದ್ದು ಅಲ್ಲಿಗೆ ಚೆನ್ನಾಗಿ ಕೇಳುತ್ತದೆ.

ಆಚೆ ದಂಡೆಗೂ ಕೇಳಿತ್ತು. ಅಲ್ಲಿನವರು ಸುಮ್ಮನಿರುತ್ತಾರೆಯೇ? ಈ ಕಡೆಯವನು ಮೊದಲೇ ಶುರು ಮಾಡಿದ್ದು ನಾಳೆ ಬ್ರಸೆಲ್ಸ್‌ನಲ್ಲಿ ಗೊತ್ತಾದರೆ ಇಬ್ಬರ ಕಾಗದವೂ ನಿಲ್ಲುತ್ತದೆ, ಬಂದು ನೋಡಿ ತೀರ್ಮಾನ ಮಾಡೋಣ ಎಂದರು. ಹ್ರೋನೆತ್ಸ್ ಬಂದ, ಆಚೆಯ ಅಧಿಕಾರಿಣಿ ಬಂದಳು, ಎತೆಲ್ಕಾ ಅವರ ಹಿಂದೆ. ಊರಿನವರು ಬೇಲಿಯ ಆಚೆ ಜಮಾಯಿಸಿದರು.

ದೆಝೋ ಅಲ್ಲಾಡಲಿಲ್ಲ. "ಅಡಿಪಾಯಾನಾ? ಯಾರು ಹೇಳಿದ್ದು? ಇದು ಪರೀಕ್ಷೆ ಗುಂಡಿ. ಮಣ್ಣು ಗಟ್ಟಿ ಇದ್ಯಾ ಅಂತ ನೋಡಿದ್ವಿ. ಕಲ್ಲು ಸುಮ್ಮನೆ ಅಲಂಕಾರಕ್ಕೆ. ಮಣ್ಣು ಪರೀಕ್ಷೆ ಮಾಡಿಸಿ ಅಂತ ಈ ಅಮ್ಮಣ್ಣಿನೇ ಹೇಳಿದ್ರು."

ಮೂವತ್ತು ವರ್ಷದ ಹಿಂದೆಯೂ ಇದೇ ಮುಖ, ಇದೇ ದನಿ. ಹ್ರೋನೆತ್ಸ್‌ಗೆ ಜೀವ ಬಂತು. "ಪರೀಕ್ಷೆ ಗುಂಡಿ ಆದ್ರೆ ಅಡ್ಡಿ ಇಲ್ಲ," ಎಂದ. ಬೇಲಿಯ ಆಚೆ ಗಂಡಸರು ಮತ್ತೆ ಬೂಟು ನೋಡಲು ಶುರು ಮಾಡಿದರು.

ನಾನು ಕೋಲೂರಿಕೊಂಡು ಗುಂಡಿಯ ಅಂಚಿಗೆ ಹೋದೆ.

"ಹಾಗಾದ್ರೆ ನನ್ನ ಹುಂಜ ವಾಪಸ್ ಕೊಡು ದೆಝೋ."

"ಯಾವ ಹುಂಜ ನೇನಿ? ಹೋಗಿ ಮನೇಲಿ ಕೂತ್ಕೋ."

"ಆ ಮೂಲೇಲಿ ಇರೋದು, ಕಾಲಲ್ಲಿ ಕೆಂಪು ದಾರ ಇರೋದು. ನೀನು ಅಡಿಪಾಯಕ್ಕೆ ಅಂತ ಕೇಳ್ದೆ, ನಾನು ಕೊಟ್ಟೆ. ಪರೀಕ್ಷೆ ಗುಂಡಿಗೆ ಅಂದಿದ್ರೆ ಒಂದು ಪುಕ್ಕಾನೂ ಕೊಡ್ತಿರಲಿಲ್ಲ. ಪರೀಕ್ಷೆ ಗುಂಡಿಗೆ ಯಾರಾದ್ರೂ ಹುಂಜ ಹೂಳ್ತಾರೇನಪ್ಪಾ?"

ಹ್ರೋನೆತ್ಸ್ ರಾಜಧಾನಿಯವನು, ಅವನಿಗೆ ತಲೆಬುಡ ತಿಳಿಯಲಿಲ್ಲ. ಆಚೆಯ ಅಧಿಕಾರಿಣಿ ಮಾತ್ರ ನದಿದಂಡೆಯವಳು. ಮೊದಲು ಬಾಯಿಗೆ ಕೈ ಅಡ್ಡ ಹಿಡಿದಳು, ಆಮೇಲೆ ತಡೆಯಲಾಗದೆ ನಕ್ಕುಬಿಟ್ಟಳು. ಬೇಲಿಯ ಆಚೆ ಒಬ್ಬ ನಕ್ಕ. "ಹುಂಜ ಏನಂತು ದೆಝೋ ಮಾವ, ಮಣ್ಣು ಗಟ್ಟಿ ಇದ್ಯಂತಾ?" ಎಂದ ಇನ್ನೊಬ್ಬ. ಆಮೇಲೆ ಇಡೀ ಬೇಲಿಯೇ ನಕ್ಕಿತು. ದೆಝೋ ಸುತ್ತ ತಿರುಗಿ ನೋಡಿದ. ಎಲ್ಲಿ ತಿರುಗಿದರೂ ಹಲ್ಲುಗಳೇ. ನಾನು ಅವನ ಮುಖವನ್ನೇ ನೋಡುತ್ತಾ ನಿಂತೆ, ರೆಪ್ಪೆ ಬಡಿಯಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ದೊಡ್ಡವರ ವಿಷಯ ನಗುವಿನಿಂದ ಮುಗಿಯುವುದಿಲ್ಲ. ಹ್ರೋನೆತ್ಸ್ ನಮ್ಮ ಅಡುಗೆಮನೆಗೆ ಬಂದು ಎತೆಲ್ಕಾಳ ಎದುರು ಕೂತ.

"ಕೆಲಸ ಶುರುವಾಗಿದ್ಯೋ ಇಲ್ವೋ ಅಂತ ಅಭಿಪ್ರಾಯ ಬರೆಯೋರು ನೀವು. ನೀವು ಬರೆದಿದ್ದನ್ನ ಎರಡು ಸರ್ಕಾರಾನೂ ಒಪ್ತವೆ. ಮುದುಕಿ ಹುಂಜಾನ ಕಾಗದಕ್ಕೆ ಯಾಕೆ ತರ್ತೀರಾ? ಪರೀಕ್ಷೆ ಗುಂಡಿ ಅಂತ ಒಂದೇ ಒಂದು ಸಾಲು ಮೇಡಂ. ಮೇಲಿನವರಿಗೂ ಬಕ್ಷ ಬೇಕು."

"ಮುದುಕಿ ಇಲ್ಲೇ ಇದಾಳೆ, ಕಾಫಿ ತಗೊಳ್ಳಿ," ಎಂದೆ ನಾನು.

ಎತೆಲ್ಕಾ ನಕ್ಕು ಸಕ್ಕರೆ ಡಬ್ಬಿಯನ್ನು ಅವನ ಕಡೆ ಸರಿಸಿದಳು.

ಮರುದಿನ ದೆಝೋನೇ ಬಂದ. ಟೊಪ್ಪಿ ಕೈಯಲ್ಲಿತ್ತು. ನಾನು ಕೂರಲು ಹೇಳಲಿಲ್ಲ, ಎತೆಲ್ಕಾಳೂ ಹೇಳಲಿಲ್ಲ.

"ಯಂತ್ರ ಎಲ್ಲಾ ಬಂದಾಗಿದೆ," ಎಂದ. "ಈ ಪಾಲು ತಪ್ಪಿದ್ರೆ ನಾನು ಉಳಿಯಲ್ಲ. ಏನು ಬೇಕು ಹೇಳು, ಎತ್ಯೂ."

ಎತ್ಯೂ ಎಂದು ಅವಳನ್ನು ಕರೆಯುತ್ತಿದ್ದುದು ಅವಳ ಅಪ್ಪ ಒಬ್ಬನೇ. ಅವಳು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

"ಕುಲುಮೆ ಹಚ್ಚಿದ್ದು ಯಾರು?"

ಅವನು ನನ್ನನ್ನು ನೋಡಿದ. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ನಾನು ಇಳಿಸಲು ಹೋಗಲಿಲ್ಲ.

"ನಿಂಗೆ ಗೊತ್ತಲ್ಲ."

"ನಂಗೆ ಗೊತ್ತು. ಊರಿಗೆ ಹೇಳಿಲ್ಲ ನೀವು."

ಅವನು ಟೊಪ್ಪಿ ಹಾಕಿಕೊಂಡು ಹೋದ. ಭಾನುವಾರ ಪ್ರಾರ್ಥನೆ ಮುಗಿದು ಜನ ಚರ್ಚಿನ ಅಂಗಳಕ್ಕೆ ಇಳಿಯುತ್ತಿದ್ದಾಗ, ತಾನೇ ಕೊಡಿಸಿದ ಗಂಟೆಯ ಕೆಳಗೆ ನಿಂತು ಹೇಳಿದ. ತಡೆದು ತಡೆದು ಹೇಳಿದ, ಆದರೆ ಪೂರ್ತಿ ಹೇಳಿದ.

"ಕುಲುಮೆ ಹಚ್ಚಿದ್ದು ನಾನು. ಬೊದೋನ್ಯಿ ಮಿಹಾಯ್ ಬೇಡ ಅಂದಿದ್ದ."

ಆಮೇಲೆ ಹಿಂದಿನ ಸಾಲಿನಿಂದ, ಹಿಂದೆ ಕುಲುಮೆಯಲ್ಲೇ ಕೆಲಸ ಮಾಡಿದ್ದ ಒಬ್ಬ ಮುದುಕ ಗೊಣಗಿದ: "ಅದು ಎಲ್ರಿಗೂ ಗೊತ್ತಿದ್ದಿದ್ದೇ ತಾನೆ."

ಎತೆಲ್ಕಾ ದೆಝೋನ ಕಡೆ ನೋಡುತ್ತಿದ್ದವಳು ತಿರುಗಿ ಆ ಮುದುಕನನ್ನು ನೋಡಿದಳು. ಅಂಥ ಸುಡುವ ನೋಟ ದೆಝೋನ ಮೇಲೂ ಬಿದ್ದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಮುದುಕ ಜನರ ಹಿಂದೆ ಸರಿದ. ಸರಿಯಲು ಜಾಗ ಬಿಟ್ಟವರೂ ತಲೆ ಎತ್ತಲಿಲ್ಲ.

ದೆಝೋ ನೇರ ಅವಳ ಬಳಿಗೆ ಬಂದ. "ಹೇಳಿದೆ. ಈಗ ಬರಿ."

"ಏನು ಬರೀಲಿ?"

"ಪರೀಕ್ಷೆ ಗುಂಡಿ ಅಂತ."

"ಬರೀತೀನಿ ಅಂತ ನಾನು ಯಾವಾಗ ಹೇಳಿದೆ?" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನೀವು ನನ್ನ ಅಪ್ಪನ ಹತ್ರ ತಗೊಂಡಿದ್ದನ್ನ ವಾಪಸ್ ಕೊಟ್ರಿ. ಅದಕ್ಕೆ ಬೆಲೆ ಕಟ್ಟಬೇಡಿ. ಗುಂಡಿ ವಿಷಯ ಬೇರೆ. ಕಾಯಿರಿ ಅಂತ ಹೇಳಿದ್ದೆ, ನೀವು ಕಾಯಲಿಲ್ಲ. ಹಾಗೇ ಬರೀತೀನಿ."

ಹಾಗೆಯೇ ಬರೆದಳು. ದೆಝೋನ ಪಾಲನ್ನು ಕತ್ತರಿಸಿ ತೆಗೆದರು. ಒಡೆಯುವ ಕೆಲಸ ಪೂರ್ತಿ ಕೆಳಗಿನ ಊರಿನ ಸಹಕಾರ ಸಂಘಕ್ಕೆ ಹೋಯಿತು. ಅವರ ಅರ್ಜಿ ಸರಿಯಾಗಿತ್ತು, ಅವರ ಹೊಲದಲ್ಲಿ ಒಂದು ಗುದ್ದಲಿಯೂ ಬಿದ್ದಿರಲಿಲ್ಲ. ನಮ್ಮೂರಿನ ಹುಡುಗ ಹುಡುಗಿಯರು ಈಗ ಬೆಳಿಗ್ಗೆ ಬಸ್ಸಿನಲ್ಲಿ ಆ ಕುಂಬಳಕಾಯಿಯವರ ಊರಿಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಸೋಸುವ ಚೀಲ ಕಟ್ಟದೆ ಒಡೆಯುವ ಯಂತ್ರ ಶುರು ಮಾಡುವುದಿಲ್ಲವಂತೆ. ಬಸ್ಸಿನ ದಾರಿ ದೂರವಾಯಿತು ಎಂದು ಕೆಲವರು ಎತೆಲ್ಕಾಳನ್ನು ಬೈಯುತ್ತಾರೆ. ಬೈಯಲಿ. ಆವತ್ತು ಬೂಟು ನೋಡಿಕೊಂಡವರ ಮನೆಯವರೇ ಅವರು, ಸ್ವಲ್ಪ ದೂರ ಹೋಗಿ ಬರಲಿ.

ಹೊರಡುವ ಹಿಂದಿನ ದಿನ ಎತೆಲ್ಕಾ ಊಟದ ಹೊತ್ತಿನವರೆಗೂ ಮಲಗಿದ್ದಳು. ಎದ್ದು ಬಂದಾಗ ಕೇಳಿಯೇಬಿಟ್ಟೆ.

"ಕಾಯಿರಿ ಅನ್ನೋ ಮಾತನ್ನ ಎಲ್ಲರ ಮುಂದೆ ನೀನು ಹೇಳೋ ಬದಲು ಹ್ರೋನೆತ್ಸ್ ಕೈಲಿ ಮೆತ್ತಗೆ ಹೇಳಿಸಿದ್ರೆ ದೆಝೋ ಕೇಳ್ತಿದ್ನಲ್ವೇನೇ?"

ರೊಟ್ಟಿಯ ಅಂಚು ಮುರಿದಳು. "ಖಂಡಿತಾ ಕೇಳ್ತಿದ್ದ," ಎಂದಳು. "ಅದಕ್ಕೇ ನಾನೇ ಹೇಳಿದ್ದು."

ಸಂತೆಯಿಂದ ನನಗೊಂದು ಹೊಸ ಹುಂಜ ತಂದಿದ್ದಳು, ಅದೂ ಕರಿಯದೇ. ಕಂದು ಚೀಲ ಹಿಡಿದು ಬಸ್ಸು ಹತ್ತಿದಳು. ಈ ಸಲ ಕಿಟಕಿಯಿಂದ ಹಿಂತಿರುಗಿ ನೋಡಿದಳು. ನನ್ನ ಕಡೆಗಲ್ಲ, ಸ್ಮಶಾನದ ಕಡೆಗೆ.

ಗುಂಡಿಯಲ್ಲಿ ಈಗ ನೀರು ನಿಂತಿದೆ, ಬಾತುಗಳು ಈಜುತ್ತವೆ. ಯಂತ್ರಗಳು ತಾಡಪಾಲಿನ ಅಡಿಯಲ್ಲಿ ತುಕ್ಕು ಹಿಡಿಯುತ್ತಿವೆ. ದೆಝೋ ಬೇಕರಿಯ ಸಾಲಿನಲ್ಲಿ ಸಿಗುತ್ತಾನೆ, ಒಂದೊಂದು ದಿನ ನನಗಿಂತ ಮುಂದೆ, ಒಂದೊಂದು ದಿನ ಹಿಂದೆ. ನಾನು ಯಾವತ್ತೂ ಮಾತಾಡಿಸದೆ ಬಿಡುವುದಿಲ್ಲ.

"ದೆಝೋ," ಎನ್ನುತ್ತೇನೆ, ಸಾಲಿನಲ್ಲಿ ನಿಂತವರೆಲ್ಲರಿಗೂ ಕೇಳುವ ಹಾಗೆ, "ಪರೀಕ್ಷೆ ಮುಗೀತೇನಪ್ಪಾ?"